ಬಂದ ವರ್ಷ, ಹರಡಿದ ವರ್ಷ, ಬಿಡಲಾಗದ ವರ್ಷ

ಮೇ ತಿಂಗಳ ಕೊನೆಯ ವಾರ ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯ ಅಡಿಕೆ ತೋಟಕ್ಕೆ ಹೋದರೆ ಮೂರು ಕಾಲದ ತಂತ್ರಜ್ಞಾನ ಒಂದೇ ಕಡೆ ಕಾಣಸಿಗುತ್ತದೆ. ಕಾಯಿ ಕೊಳೆಯದಂತೆ ಹೊಡೆಯಲು ಡ್ರಮ್ಮಿನಲ್ಲಿ ಕಲಸಿಟ್ಟ ಬೋರ್ಡೊ ದ್ರಾವಣ 1885ರ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ರೂಪುಗೊಂಡದ್ದು. ಅದನ್ನು ನೆಲದಲ್ಲೇ ನಿಂತು ಗೊನೆಗೆ ಮುಟ್ಟಿಸುವ ಕಾರ್ಬನ್ ಫೈಬರ್ ದೋಟಿ ಈಚಿನ ಕೆಲವೇ ವರ್ಷಗಳದ್ದು. ದೋಟಿ ಹಿಡಿದವರ ಜೇಬಿನ ಫೋನು ನಾಳೆಯ ಮಳೆಯ ಸುದ್ದಿ ಹೇಳುವುದಿರಲಿ, ಕೇಳಿದ ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಕೊಡುವುದನ್ನೂ ಕಲಿತಿದೆ. ಈ ಮೂರರಲ್ಲಿ ಇತಿಹಾಸದಲ್ಲಿ ಹೆಚ್ಚು ತೂಗುವುದು ಯಾವುದು?

ಥಟ್ಟನೆ ಬರುವ ಉತ್ತರ ಫೋನು. ಅದು ಸರಿಯೂ ಇರಬಹುದು. ಆದರೆ ಬೆರಗಾದ ಕೂಡಲೇ ಹೇಳಿದ ಉತ್ತರವನ್ನು ತೂಕಕ್ಕೆ ಹಾಕಿ ನೋಡಬೇಕು. ಅದಕ್ಕೆ ತಕ್ಕಡಿ ಬೇಕು. ಅಂಥ ತಕ್ಕಡಿಯನ್ನು ಚಿಕ್ಕಮಗಳೂರು, ಹಾಸನ ಈ ನಮ್ಮ ಎರಡು ಜಿಲ್ಲೆಗಳ ಅನುಭವದಿಂದಲೇ ಕಟ್ಟಿಕೊಳ್ಳುವುದು ಹೇಗೆ ಎಂಬುದು ಈ ಬರಹದ ವಿಷಯ.

ಬೋರ್ಡೊದಿಂದಲೇ ಶುರುಮಾಡೋಣ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ಸೋಸಿ, ಮೈಲುತುತ್ತದ ನೀರನ್ನು ಅದಕ್ಕೆ ನಿಧಾನವಾಗಿ ಸುರಿಯುತ್ತ ಕದಡಬೇಕು. ಸೋಸದಿದ್ದರೆ ನಾಜಲ್ ಕಟ್ಟುತ್ತದೆ. ಕಬ್ಬಿಣದ ಪಾತ್ರೆ ಆಗದು; ಮೈಲುತುತ್ತದಲ್ಲಿರುವ ತಾಮ್ರವು ಪಾತ್ರೆಯ ಮೈಗೆ ಅಂಟಿ ದ್ರಾವಣದ ಬಲ ಕುಂದುತ್ತದೆ. ಕಲಸಿದ ಮೇಲೆ ಹೊಳೆಯುವ ಚಾಕುವೊಂದನ್ನು ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪು ಲೇಪ ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಕಲಸಿದ್ದನ್ನು ಅಂದೇ ಮುಗಿಸಬೇಕು, ಮರುದಿನಕ್ಕೆ ಕಣಗಳು ದಪ್ಪಗಾಗಿ ಕಾಯಿಗೆ ಸರಿಯಾಗಿ ಅಂಟುವುದಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ.

ಕೊಳೆರೋಗಕ್ಕೆ ಇದು ಮದ್ದು ಎಂದು ಮಲೆನಾಡಿಗೆ ತೋರಿಸಿಕೊಟ್ಟವರು ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗದ ಬಗ್ಗೆ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ಇದ್ದ ಉಪಾಯವೆಂದರೆ ಮಳೆ ನೀರು ಬೀಳದಂತೆ ಗೊನೆಗೆ ಕೊಟ್ಟೆ ಕಟ್ಟುವುದು. ಪ್ರತಿ ಮರ ಹತ್ತಿ, ಪ್ರತಿ ಗೊನೆಗೆ. ಬೋರ್ಡೊ ಬಂದು ಶತಮಾನ ದಾಟಿದೆ, ಪಾಕ ಹೆಚ್ಚು ಕಡಿಮೆ ಅದೇ ಇದೆ. ಈ ನಡುವೆ ಎಷ್ಟೋ ಔಷಧಿಗಳು ಬಂದು ಹೋದವು. ಅಡಿಕೆಯ ಆದಾಯದ ಮೇಲೆ ನಿಂತ ಮನೆ, ಮದುವೆ, ಓದು, ಸಾಲ ಎಲ್ಲದರ ಹಿಂದೆ ಈ ನೀಲಿ ನೀರಿದೆ. ಆದರೂ ತಂತ್ರಜ್ಞಾನದ ಇತಿಹಾಸ ಎಂದಾಗ ಇದು ಯಾರ ಬಾಯಲ್ಲೂ ಬರುವುದಿಲ್ಲ. ಹಳೆಯದಾಗಿ, ಅಗ್ಗವಾಗಿ, ಎಲ್ಲರ ಮನೆಯಲ್ಲೂ ಇರುವ ವಸ್ತು ಕಣ್ಣಿಗೆ ಕಾಣದಂತಾಗುತ್ತದೆ. ತೂಗುವಾಗ ನಾವು ಮಾಡುವ ಮೊದಲ ತಪ್ಪು ಇದೇ: ಹೊಸದನ್ನು ಮಾತ್ರ ತಂತ್ರಜ್ಞಾನ ಎಂದು ಎಣಿಸುವುದು.

ಮೂರು ಇಸವಿಗಳು

ಯಾವುದೇ ತಂತ್ರಜ್ಞಾನಕ್ಕೆ ಒಂದು ಊರಿನಲ್ಲಿ ಮೂರು ಇಸವಿ ಇರುತ್ತವೆ. ಮೊದಲನೆಯದು ಬಂದ ವರ್ಷ, ಅಂದರೆ ದೊಡ್ಡಮನೆಗೋ ಎಸ್ಟೇಟಿಗೋ ಮೊದಲ ಯಂತ್ರ ಬಂದದ್ದು. ಎರಡನೆಯದು ಹರಡಿದ ವರ್ಷ, ಊರಿನ ಅರ್ಧ ಮನೆಗಳಲ್ಲಿ ಅದು ಕಂಡದ್ದು. ಮೂರನೆಯದು ಬಿಡಲಾಗದ ವರ್ಷ: ಅದಿಲ್ಲದವರಿಗೆ ಕೆಲಸವೇ ನಡೆಯದಂತಾದದ್ದು. ಪತ್ರಿಕೆ, ಶಿಲಾಫಲಕ, ಮನೆಯವರ ನೆನಪು ಎಲ್ಲವೂ ಮೊದಲನೆಯ ಇಸವಿಯನ್ನು ಹಿಡಿದಿಡುತ್ತವೆ. ಇತಿಹಾಸದ ತೂಕ ಗೊತ್ತಾಗುವುದು ಮೂರನೆಯದರಿಂದ, ಅದನ್ನು ಬರೆದಿಡುವವರು ಬಹಳ ಕಡಿಮೆ.

ಕರೆಂಟಿನ ಉದಾಹರಣೆ ನೋಡಿ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ, ಬೆಂಗಳೂರಿನ ದೀಪ ಹತ್ತಿದ್ದು 1905ರಲ್ಲಿ. ಶಾಲೆಯ ಪುಸ್ತಕದಲ್ಲಿರುವುದು ಈ ಇಸವಿಗಳು. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಕರೆಂಟು ಯಾವಾಗ ಬಿಡಲಾಗದ್ದಾಯಿತು ಎಂದು ಹುಡುಕಿದರೆ ಬಲ್ಬಿನ ಹತ್ತಿರ ಉತ್ತರ ಸಿಗುವುದಿಲ್ಲ, ಬಾವಿಯ ಹತ್ತಿರ ಸಿಗುತ್ತದೆ. ತೆರೆದ ಬಾವಿಯಲ್ಲಿ ನೀರಿದ್ದಷ್ಟು ದಿನ ಮೋಟರು ಕೆಟ್ಟರೆ ಎತ್ತುಗಳಿಂದ ನೀರೆತ್ತುವ ಕಪಿಲೆ ಹೂಡಬಹುದಿತ್ತು, ಎತ್ತುಗಳೂ ಇದ್ದವು. ಬಾವಿಯ ದಂಡೆಯ ಮೇಲಿಟ್ಟ ಪಂಪು ನೀರನ್ನು ಹೀರುವುದು ಗಾಳಿಯ ಒತ್ತಡದ ಬಲದಿಂದ. ಲೆಕ್ಕದ ಪ್ರಕಾರ ಅದರ ಮಿತಿ 34 ಅಡಿ, ವಾಸ್ತವದಲ್ಲಿ 25 ಅಡಿ ದಾಟುವುದೇ ಕಷ್ಟ. ನೀರು ಇನ್ನೂ ಕೆಳಗಿಳಿದಾಗ ಪಂಪನ್ನು ಬಾವಿಯೊಳಗೆ ಇಳಿಸಿದರು. ಅದೂ ಸಾಲದಾದಾಗ ಬೋರ್‌ವೆಲ್ ಕೊರೆದು, ಮೋಟರು ಸಮೇತ ನೀರಿನೊಳಗೇ ಇರುವ ಸಬ್‌ಮರ್ಸಿಬಲ್ ಇಳಿಸಿದರು. ನೂರಾರು ಅಡಿ ಆಳದ ಆರೂವರೆ ಅಂಗುಲದ ತೂತಿನಿಂದ ಎತ್ತುಗಳು ನೀರೆತ್ತಲಾರವು. ಅಂದಿಗೆ ಹಿಂದಿನ ದಾರಿ ಮುಚ್ಚಿತು. ಆ ಊರಿನ ವಿದ್ಯುತ್ ಇತಿಹಾಸದಲ್ಲಿ ದೊಡ್ಡ ಇಸವಿ ಅದು. ಅದು ಊರಿಂದೂರಿಗೆ ಬೇರೆ, ಒಮ್ಮೊಮ್ಮೆ ಒಂದೇ ಊರಿನ ಎರಡು ದಿಕ್ಕಿಗೂ ಬೇರೆ.

ಮೊಬೈಲಿಗೂ ಹೀಗೇ. ದೇಶದ ಮೊದಲ ಕರೆ 1995ರ ಜುಲೈ 31ರಂದು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೆ ದರ, ಬಂದ ಕರೆಗೂ ದುಡ್ಡು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಹರಡುವಿಕೆಗೆ ಫೋನಿನ ಬೆಲೆಯಷ್ಟೇ ಈ ಒಂದು ನಿಯಮವೂ ಕಾರಣ. ದುಡ್ಡಿಲ್ಲದವರೂ ಮಿಸ್ಡ್ ಕಾಲ್ ಕೊಟ್ಟು ಕೆಲಸ ಸಾಧಿಸಿಕೊಂಡರು. ಬಿಡಲಾಗದ ವರ್ಷ ಬಂದದ್ದು ಇನ್ನೂ ಮುಂದೆ, ಬ್ಯಾಂಕು, ಪಡಿತರ, ಗ್ಯಾಸು ಎಲ್ಲಕ್ಕೂ ಒಟಿಪಿ ಬೇಕಾದಾಗ. ಅಲ್ಲಿಗೆ ಫೋನು ಮಾತಾಡುವ ಯಂತ್ರವಾಗಿ ಉಳಿಯಲಿಲ್ಲ, ಮನುಷ್ಯನ ಗುರುತೇ ಆಯಿತು. 1995ರಲ್ಲಿ ಫೋನನ್ನು ತೂಗಿದವರು ಯಾರೂ ಇದನ್ನು ತೂಗಿರಲಿಲ್ಲ, ತೂಗಲು ಸಾಧ್ಯವೂ ಇರಲಿಲ್ಲ.

ಹಳೆಯ ಶಾಫ್ಟಿಗೆ ಹೊಸ ಮೋಟರು

ಎರಡನೆಯ, ಮೂರನೆಯ ಇಸವಿಗಳು ಇಷ್ಟು ತಡವಾಗುವುದು ಯಾಕೆ? ಇದಕ್ಕೆ ಒಳ್ಳೆಯ ವಿವರಣೆ ಹಳೆಯ ಅಕ್ಕಿ ಗಿರಣಿಯೊಳಗೆ ಇದೆ.

ಒಂದು ಮೂಲೆಯಲ್ಲಿ ಆಯಿಲ್ ಎಂಜಿನ್. ಅದು ಉದ್ದದ ಕಬ್ಬಿಣದ ಶಾಫ್ಟೊಂದನ್ನು ತಿರುಗಿಸುತ್ತದೆ. ಶಾಫ್ಟಿನ ಮೇಲೆ ಸಾಲಾಗಿ ರಾಟೆಗಳು, ಪ್ರತಿ ರಾಟೆಯಿಂದ ಒಂದೊಂದು ಬೆಲ್ಟು: ಭತ್ತ ಸುಲಿಯುವ ಹಲ್ಲರಿಗೆ ಒಂದು, ಪಾಲಿಶಿಗೆ ಒಂದು, ಹಿಟ್ಟಿನ ಕಲ್ಲಿಗೆ ಒಂದು. ಒಂದೇ ಯಂತ್ರ ಓಡಬೇಕಿದ್ದರೂ ಇಡೀ ಶಾಫ್ಟು ತಿರುಗಬೇಕು. ಮಳೆಗಾಲದಲ್ಲಿ ತೇವಕ್ಕೆ ಬೆಲ್ಟು ಜಾರುತ್ತದೆ. ಮುಖ್ಯ ಬೆಲ್ಟು ಹರಿದರೆ ಎಲ್ಲವೂ ನಿಲ್ಲುತ್ತದೆ. ಯಂತ್ರವನ್ನು ಇಡಬೇಕಾದದ್ದು ಕೆಲಸಕ್ಕೆ ಅನುಕೂಲವಾದ ಜಾಗದಲ್ಲಲ್ಲ, ಶಾಫ್ಟು ಹಾದುಹೋಗುವ ಜಾಗದಲ್ಲಿ.

ಅಮೆರಿಕದ ಕಾರ್ಖಾನೆಗಳೂ ಹೀಗೇ ಇದ್ದವು, ಉಗಿಯ ಎಂಜಿನ್ ಇಟ್ಟುಕೊಂಡು. ಎಡಿಸನ್ ನ್ಯೂಯಾರ್ಕಿನಲ್ಲಿ ವಿದ್ಯುತ್ ಕೇಂದ್ರ ತೆರೆದದ್ದು 1882ರಲ್ಲಿ. 1900ರ ಹೊತ್ತಿಗೂ ಅಲ್ಲಿನ ಕಾರ್ಖಾನೆಗಳ ಯಂತ್ರಬಲದಲ್ಲಿ ವಿದ್ಯುತ್ ಮೋಟರುಗಳ ಪಾಲು ಶೇ. 5ರ ಆಸುಪಾಸು. ಅರ್ಧ ದಾಟಿದ್ದು 1920ರ ಸುಮಾರಿಗೆ. ಇಷ್ಟು ತಡವಾಗಲು ಮಾಲೀಕರ ದಡ್ಡತನ ಕಾರಣವಲ್ಲ. ಅನೇಕರು ಮೊದಲು ಮಾಡಿದ್ದು ಉಗಿ ಎಂಜಿನ್ನಿನ ಜಾಗಕ್ಕೆ ದೊಡ್ಡದೊಂದು ಮೋಟರು ತಂದು ಹಳೆಯ ಶಾಫ್ಟಿಗೇ ಜೋಡಿಸಿದ್ದು. ಸೌದೆ, ಕಲ್ಲಿದ್ದಲಿನ ಖರ್ಚು ಸ್ವಲ್ಪ ಉಳಿಯಿತು, ಅಷ್ಟೇ. ಪ್ರತಿ ಯಂತ್ರಕ್ಕೂ ಅದರದ್ದೇ ಸಣ್ಣ ಮೋಟರು ಇಟ್ಟು, ಶಾಫ್ಟನ್ನೇ ಕಿತ್ತುಹಾಕಿ, ಕೆಲಸ ಸಾಗುವ ಸಾಲಿಗೆ ತಕ್ಕಂತೆ ಯಂತ್ರಗಳನ್ನು ಕೂರಿಸಿ, ಅದಕ್ಕೆ ತಕ್ಕ ಕಟ್ಟಡ ಕಟ್ಟಿದ ಮೇಲೆ ಉತ್ಪಾದನೆ ನಿಜವಾಗಿ ಏರಿತು. ಅದಕ್ಕೆ ಹಳೆಯ ಕಟ್ಟಡ ಸವೆಯಬೇಕಿತ್ತು, ಹೊಸದಾಗಿ ಯೋಚಿಸುವ ಎಂಜಿನಿಯರುಗಳು ತಯಾರಾಗಬೇಕಿತ್ತು. ಕಂಪ್ಯೂಟರ್ ಎಲ್ಲೆಡೆ ಕಾಣುತ್ತಿದೆ, ಉತ್ಪಾದಕತೆಯ ಅಂಕಿಅಂಶದಲ್ಲಿ ಮಾತ್ರ ಕಾಣುತ್ತಿಲ್ಲ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ 1987ರಲ್ಲಿ ಗಮನಿಸಿದಾಗ, ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಈ ಮೋಟರಿನ ಕಥೆಯನ್ನೇ ಉತ್ತರವಾಗಿ ಮುಂದಿಟ್ಟರು.

ಇದರಿಂದ ನಮಗೆ ಸಿಗುವ ಪ್ರಶ್ನೆ ಸರಳ. ಹೊಸದು ಬಂದ ಮೇಲೆ ಕೆಲಸದ ಸಾಲು ಬದಲಾಯಿತೋ, ಹಳೆಯ ಸಾಲಿನಲ್ಲೇ ಒಂದು ಹೆಜ್ಜೆ ಚುರುಕಾಯಿತೋ?

ಪಹಣಿಯನ್ನು ಈ ಪ್ರಶ್ನೆಗೆ ಒಡ್ಡಿ ನೋಡಬಹುದು. ಮೊದಲು ಪಹಣಿ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ಅವರು ಸಿಕ್ಕಾಗ, ಅವರಿಗೆ ಮನಸ್ಸು ಬಂದಾಗ ನಕಲು. 2001ರ ಸುಮಾರಿಗೆ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿಗೆ ಮುದ್ರಿತ ಪಹಣಿ ಸಿಕ್ಕಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬಂದ ವರ್ಷ, ಹರಡಿದ ವರ್ಷ, ಬಿಡಲಾಗದ ವರ್ಷ ಮೂರೂ ಇಷ್ಟು ಹತ್ತಿರ ಹತ್ತಿರ ಬಂದ ಉದಾಹರಣೆ ಅಪರೂಪ. ಸರ್ಕಾರ ಹಳೆಯ ದಾರಿಯನ್ನು ಆದೇಶದಿಂದಲೇ ಮುಚ್ಚಿದ್ದು ಇದಕ್ಕೆ ಕಾರಣ.

ಆದರೆ ಇಕ್ಕಟ್ಟು ಕರಗಲಿಲ್ಲ, ಜಾಗ ಬದಲಿಸಿತು. ನಕಲು ಪಡೆಯುವುದು ನಿಮಿಷದ ಕೆಲಸವಾಯಿತು. ಆ ನಕಲಿನಲ್ಲಿ ತೀರಿಹೋದ ಅಜ್ಜನ ಹೆಸರು ಹಾಗೇ ಉಳಿದಿದ್ದರೆ ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು, ಅಣ್ಣತಮ್ಮಂದಿರ ಒಪ್ಪಿಗೆ ಬೇಕು. ಜಮೀನಿನ ಒಂದು ಭಾಗ ಮಾರಬೇಕಾದರೆ 11ಇ ನಕ್ಷೆ ಬೇಕು, ಅದಕ್ಕೆ ಭೂಮಾಪಕರು ಬಂದು ಅಳೆಯಬೇಕು. ಕಂಪ್ಯೂಟರಿಗೆ ಏರಿಸುವಾಗ ತಪ್ಪಾದ ಹೆಸರು, ಗುಂಟೆ ಲೆಕ್ಕ ತಿದ್ದಿಸಲು ರೈತರೇ ಅಲೆಯಬೇಕಾಯಿತು. ಊರೊಳಗಿದ್ದ ಪುಸ್ತಕ ತಾಲ್ಲೂಕಿಗೆ ಹೋದದ್ದರಿಂದ ಬಸ್ಸಿನ ಖರ್ಚೂ ಸೇರಿತು. ಒಟ್ಟು ತೂಕದಲ್ಲಿ ಇದು ದೊಡ್ಡ ಬದಲಾವಣೆಯೇ. ಗುಟ್ಟಾಗಿದ್ದ ದಾಖಲೆ ಯಾರು ಬೇಕಾದರೂ ನೋಡಬಹುದಾದ ದಾಖಲೆಯಾದದ್ದು ಸಣ್ಣ ಮಾತಲ್ಲ. ಆದರೆ ಆ ದೊಡ್ಡತನ ಮುದ್ರಣದ ವೇಗದಲ್ಲಿಲ್ಲ. ಹೊಸ ಯಂತ್ರವನ್ನು ತೂಗುವಾಗ ಅದು ಬಿಡಿಸಿದ ಗಂಟಿನ ಜೊತೆಗೆ ಈಗ ಗಂಟು ಎಲ್ಲಿ ಬಿದ್ದಿದೆ ಎಂದೂ ಹುಡುಕಬೇಕು.

ತೆಗೆದು ನೋಡುವುದು

ಒಂದು ವಸ್ತು ಎಷ್ಟು ಮುಖ್ಯ ಎಂದು ತಿಳಿಯಲು ಅದನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡುವ ಪದ್ಧತಿಯೊಂದಿದೆ. ಆರ್ಥಿಕ ಇತಿಹಾಸಕಾರ ರಾಬರ್ಟ್ ಫೋಗಲ್ 1964ರಲ್ಲಿ ಅಮೆರಿಕದ ರೈಲನ್ನು ಹೀಗೆ ತೆಗೆದು ನೋಡಿದರು. ರೈಲಿಲ್ಲದಿದ್ದರೆ ಅದೇ ಕೃಷಿ ಸರಕು ಕಾಲುವೆ, ನದಿ, ಗಾಡಿಗಳಲ್ಲಿ ಸಾಗಲು ಎಷ್ಟು ಹೆಚ್ಚು ಖರ್ಚಾಗುತ್ತಿತ್ತು ಎಂದು 1890ರ ವರ್ಷಕ್ಕೆ ಲೆಕ್ಕ ಹಾಕಿದರು. ಬಂದ ಉತ್ತರ ರಾಷ್ಟ್ರೀಯ ಉತ್ಪನ್ನದ ಶೇ. 3ಕ್ಕಿಂತ ಕಡಿಮೆ. ರೈಲೇ ಅಮೆರಿಕವನ್ನು ಕಟ್ಟಿತು ಎಂದು ನಂಬಿದ್ದವರಿಗೆ ಇದು ಆಘಾತ. ಆದರೆ ಬ್ರಿಟಿಷರ ಕಾಲದ ಭಾರತದ ಬಗ್ಗೆ ಅರ್ಥಶಾಸ್ತ್ರಜ್ಞ ಡೇವ್ ಡೊನಾಲ್ಡ್‌ಸನ್ ಮಾಡಿದ ಅಧ್ಯಯನದಲ್ಲಿ, ರೈಲು ಬಂದ ಜಿಲ್ಲೆಗಳ ಕೃಷಿ ಆದಾಯ ಸುಮಾರು ಶೇ. 16ರಷ್ಟು ಏರಿದ್ದು ಕಂಡಿತು. ಅದೇ ಹಳಿ, ಅದೇ ಎಂಜಿನ್, ತೂಕ ಬೇರೆ. ಅಮೆರಿಕಕ್ಕೆ ಕಾಲುವೆಗಳಿದ್ದವು, ಇಲ್ಲಿ ಇದ್ದದ್ದು ದಿನಕ್ಕೆ 30 ಕಿ.ಮೀ. ದಾಟದ ಎತ್ತಿನಗಾಡಿ. ಹಾಗಾಗಿ ತಂತ್ರಜ್ಞಾನಕ್ಕೆ ತನ್ನದೇ ಆದ ತೂಕ ಎಂಬುದಿಲ್ಲ. ಅದಿಲ್ಲದಿದ್ದರೆ ಇರುತ್ತಿದ್ದ ಮುಂದಿನ ಉಪಾಯ ಎಷ್ಟು ಕೆಟ್ಟದ್ದು ಎಂಬುದರ ಮೇಲೆ ಅದು ನಿಂತಿದೆ.

ಹಾಸನದವರು ಇದನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕಿಲ್ಲ, ನಿಜವಾಗಿಯೇ ನಡೆದಿದೆ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ 1979ರಲ್ಲಿ ಪೂರ್ತಿಯಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗ; ನೋಡಿದವರು ಬೆರಗಾಗಲೇಬೇಕಾದ ಕೆಲಸ. 1996ರಲ್ಲಿ ಗೇಜ್ ಬದಲಾವಣೆಗೆಂದು ಅದನ್ನು ಮುಚ್ಚಿದರು. ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಕೊನೆಗೆ. ಆ ಹತ್ತು ಚಿಲ್ಲರೆ ವರ್ಷ ಕರಾವಳಿಗೂ ಹಾಸನಕ್ಕೂ ನಡುವಿನ ಭಾರವನ್ನೆಲ್ಲ ಶಿರಾಡಿ ಘಾಟಿನ ಲಾರಿ, ಬಸ್ಸುಗಳು ಹೊತ್ತವು. ಕಷ್ಟವಾಯಿತು, ವ್ಯವಹಾರ ನಿಲ್ಲಲಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿಯ ರಸ್ತೆ, ರೈಲು ಎರಡೂ ಬಂದ್ ಆದಾಗ, ಮಡಿಕೇರಿ ರಸ್ತೆಯೂ ಕುಸಿದಿದ್ದಾಗ, ಮಂಗಳೂರಿನ ಬಂದರಿನಿಂದ ಬರುವ ಟ್ಯಾಂಕರುಗಳು ದೂರದ ಸುತ್ತು ಹಾಕಬೇಕಾಯಿತು. ಸುರಂಗಗಳ ರೈಲು ನೋಡಲು ದೊಡ್ಡದು. ತೆಗೆದು ನೋಡಿದಾಗ ಹೆಚ್ಚು ತೂಗಿದ್ದು ಗುಂಡಿ ಬಿದ್ದ ಡಾಂಬರು ರಸ್ತೆ.

ಮನೆಯ ಮಟ್ಟದಲ್ಲಿ ಈ ಪರೀಕ್ಷೆಯನ್ನು ಮಲೆನಾಡಿನ ಮಳೆಗಾಲ ಪ್ರತಿ ವರ್ಷ ಮಾಡಿಕೊಡುತ್ತದೆ. ಜೂನ್–ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ನಾಲ್ಕು ದಿನ ಕರೆಂಟು ಹೋದಾಗ ಯಾವುದರ ಅಭಾವ ಯಾವ ಹೊತ್ತಿಗೆ ಕಾಡಿತು ಎಂದು ಬರೆದಿಡಿ. ಮೊದಲ ಸಂಜೆ ಟಿವಿ, ಮರುದಿನ ಬೆಳಿಗ್ಗೆ ಮಿಕ್ಸಿ, ಮಧ್ಯಾಹ್ನಕ್ಕೆ ಫೋನಿನ ಚಾರ್ಜು, ಅಷ್ಟರಲ್ಲಿ ಟವರಿನ ಬ್ಯಾಟರಿಯೂ ಮುಗಿದು ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡುವುದು ನಿಂತಿರುತ್ತದೆ. ಮೂರನೆಯ ದಿನ ಟ್ಯಾಂಕಿನ ನೀರು ತೀರುತ್ತದೆ. ಟಿವಿ ಹೋದಾಗ ಬೇಜಾರಾಯಿತು, ಯಾರ ಕೆಲಸವೂ ಬದಲಾಗಲಿಲ್ಲ. ನೀರು ತೀರಿದಾಗ ಮನೆಯ ಹೆಂಗಸರ ಇಡೀ ದಿನ ಮರುಜೋಡಣೆ ಆಯಿತು. ಬೇಜಾರು ತರುವ ಅಭಾವ, ಕೆಲಸ ಬದಲಿಸುವ ಅಭಾವ ಎಂದು ಎರಡು ಖಾನೆ ಮಾಡಿಕೊಂಡರೆ ಯಾವ ವಸ್ತು ಎಲ್ಲಿ ನಿಲ್ಲುತ್ತದೆ ಎಂಬುದು ತಾನೇ ತಿಳಿಯುತ್ತದೆ.

ತೆಗೆದ ಮೇಲೂ ಉಳಿಯುವ ಗುರುತು ಇನ್ನೊಂದು ಬಗೆಯ ತೂಕ. ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿದ್ದು 1976ರಲ್ಲಿ. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದ ಆ ವ್ಯವಸ್ಥೆ ಒಂದು ಕಾಲಕ್ಕೆ ಜಿಲ್ಲೆಯ ಭವಿಷ್ಯವೇ ಎನಿಸಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಉತ್ಪಾದನೆಯ ಲೆಕ್ಕದಲ್ಲಿ ಅದರ ಆಯುಷ್ಯ ಮೂವತ್ತು ವರ್ಷದೊಳಗೆ. ಕಡಿದ ಬೆಟ್ಟ, ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಹೂಳು, ಖಾಲಿಯಾದ ಪಟ್ಟಣ ಇವುಗಳ ಆಯುಷ್ಯಕ್ಕೆ ಅಂಥ ಗಡುವಿಲ್ಲ.

ಸದ್ದಿಲ್ಲದೆ ಬಂದವು

ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಮುಖ್ಯ ನಿಯಂತ್ರಣ ಕೇಂದ್ರದ ದೊಡ್ಡ ತಟ್ಟೆಗಳನ್ನು ಊರಿನವರೆಲ್ಲ ನೋಡಿದ್ದಾರೆ. ಅಲ್ಲಿಂದ ನಿಯಂತ್ರಿಸಿದ ಉಪಗ್ರಹ ಇನ್ಸಾಟ್-1ಎ ಹಾರಿದ್ದು 1982ರ ಏಪ್ರಿಲ್‌ನಲ್ಲಿ. ಸೆಪ್ಟೆಂಬರಿಗೆ, ದಿಕ್ಕು ಹಿಡಿದಿಡುವ ಇಂಧನ ತೀರಿ, ಕೈಬಿಡಬೇಕಾಯಿತು. ಅಂದು ತೀರ್ಪು ಕೊಟ್ಟಿದ್ದರೆ ಬಡ ದೇಶದ ದುಬಾರಿ ಸೋಲು ಎಂದು ಬರೆಯಬೇಕಿತ್ತು. 1983ರ ಆಗಸ್ಟಿನಲ್ಲಿ ಹಾರಿದ ಇನ್ಸಾಟ್-1ಬಿ ನೆಲೆ ನಿಂತಿತು. ಸುಮಾರು 36,000 ಕಿ.ಮೀ. ಎತ್ತರದಿಂದ ಅದು ಕೊಟ್ಟದ್ದರಲ್ಲಿ ಜನ ಕಂಡದ್ದು ಟಿವಿಯನ್ನು. ಮೋಡದ ಚಿತ್ರಗಳನ್ನು ನೋಡಿ ಚಂಡಮಾರುತದ ಮುನ್ಸೂಚನೆ ಕೊಡುವ ಕೆಲಸ ಯಾರ ಮನೆಯ ಚಾವಡಿಯಲ್ಲೂ ಕಾಣಲಿಲ್ಲ. ಜೀವಗಳ ಲೆಕ್ಕದಲ್ಲಿ ಅದರ ತೂಕವೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ರಾಗಿಯ ಕಥೆ ಇನ್ನೂ ಮೌನದ್ದು. ನಮ್ಮ ನಾಡಿನ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ತಳಿ ವಿಜ್ಞಾನಿ ಸಿ.ಎಚ್. ಲಕ್ಷ್ಮಣಯ್ಯನವರು ಬೆಳೆಸಿದ ಇಂಡಾಫ್ ತಳಿಗಳು 1970ರ ದಶಕದಲ್ಲಿ ರೈತರ ಕೈಗೆ ಬಂದವು. ಎಕರೆಯ ಇಳುವರಿ ಎದ್ದು ಕಾಣುವಷ್ಟು ಏರಿತು. ಯಂತ್ರವಿಲ್ಲ, ಸದ್ದಿಲ್ಲ, ಉದ್ಘಾಟನೆಯ ಫಲಕವಿಲ್ಲ, ಬಣ್ಣವೂ ಅದೇ ರಾಗಿಯದು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಮನೆಗಳಲ್ಲಿ ಮಳೆ ಕೈಕೊಟ್ಟ ವರ್ಷವೂ ವಾಡೆ ಪೂರ್ತಿ ಬರಿದಾಗದಿರಲು ಇಂಥ ಬೀಜಗಳು ಕಾರಣ. ಬೀಜ ಬದಲಾದ ವರ್ಷ ಯಾವುದು ಎಂದು ಕೇಳಿದರೆ ಮಾತ್ರ ಉತ್ತರ ಸಿಗುವುದು ಕಷ್ಟ.

ಪುಸ್ತಕ ಇಡುವ ಬಗೆ

ಬದಲಾವಣೆಯ ನಡುವೆ ಇರುವವರು ಅದರ ಕೊನೆಯ ತೀರ್ಪು ಬರೆಯಲಾರರು. ತೀರ್ಪಿಗೆ ಬೇಕಾದ ಪುರಾವೆಯನ್ನು ಮಾತ್ರ ಅವರಷ್ಟು ಚೆನ್ನಾಗಿ ಬೇರೆ ಯಾರೂ ಕೂಡಿಡಲಾರರು. ಕಾಫಿ ಎಸ್ಟೇಟುಗಳಲ್ಲಿ ಮಳೆಯ ಪುಸ್ತಕ ಇಡುವ ರೂಢಿ ತಲೆಮಾರುಗಳಿಂದ ಇದೆ: ಬೆಳಿಗ್ಗೆ ಅದೇ ಹೊತ್ತಿಗೆ ಅಳೆದು, ಇಂಚು, ಸೆಂಟುಗಳಲ್ಲಿ ಬರೆಯುವುದು. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಷ್ಟು ಬಿತ್ತು ಎಂದು ವಾದ ಬಂದರೆ ಆ ಪುಸ್ತಕ ತೆಗೆಯುತ್ತಾರೆ. ತಂತ್ರಜ್ಞಾನಕ್ಕೂ ಅಂಥದ್ದೊಂದು ಬೇಕು.

ವಸ್ತುವನ್ನು ಹಿಡಿಯಬೇಡಿ, ಕೆಲಸವನ್ನು ಹಿಡಿಯಿರಿ. ‘ಮೊಬೈಲ್’ ಎಂದು ಬರೆದರೆ ಏನೂ ಸಿಗುವುದಿಲ್ಲ. ‘ಮದುವೆಗೆ ಕರೆಯುವುದು’, ‘ಒಂದು ಎಕರೆ ಕಾಫಿ ತೋಟದ ಕಳೆ ತೆಗೆಸುವುದು’, ‘ಸಾಲದ ಅರ್ಜಿ ಹಾಕುವುದು’ ಎಂದು ಬರೆದರೆ ಅಳೆಯಬಹುದು. ಒಂದೊಂದು ಕೆಲಸಕ್ಕೂ ನಾಲ್ಕು ಖಾನೆ ಸಾಕು: ಹೊತ್ತು, ದುಡ್ಡು, ಆಳು, ದಾರಿ. ಎಷ್ಟು ಗಂಟೆ, ಎಷ್ಟು ರೂಪಾಯಿ, ಎಷ್ಟು ಜನ, ಎಷ್ಟು ಕಿ.ಮೀ. ಇದನ್ನು ಮೂರು ಕಾಲಕ್ಕೆ ತುಂಬಿ: ಹಿರಿಯರು ತರುಣರಾಗಿದ್ದಾಗ, ಇಪ್ಪತ್ತು ವರ್ಷದ ಹಿಂದೆ, ಈಗ.

ರೂಪಾಯಿಯನ್ನು ಹಾಗೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಆ ವರ್ಷದ ದಿನಗೂಲಿಯಿಂದ ಭಾಗಿಸಿ. ದಿನಗೂಲಿ 30 ಇದ್ದಾಗ 3,000ದ ವಸ್ತು 100 ದಿನದ ದುಡಿಮೆ. ದಿನಗೂಲಿ 500 ಆದಾಗ 6,000ದ ವಸ್ತು ಬರೀ 12 ದಿನದ್ದು. ಬೆಲೆ ಏರಿದಂತೆ ಕಾಣುತ್ತದೆ, ನಿಜವಾಗಿ ಇಳಿದಿದೆ. ಹಳೆಯ ಕೂಲಿ ಎಷ್ಟಿತ್ತು ಎಂಬುದಕ್ಕೆ ಎಸ್ಟೇಟಿನ ಚೆಕ್‌ರೋಲು ಒಳ್ಳೆಯ ದಾಖಲೆ. ಹೆಸರು, ದಿನ, ಕೂಲಿ, ಮಾಡಿದ ಕೆಲಸ ಎಲ್ಲವೂ ಅದರಲ್ಲಿರುತ್ತದೆ. ಕಳೆ ಕೊಚ್ಚುವ ಯಂತ್ರ ಬಂದ ಮೇಲೆ ಒಂದು ಎಕರೆಗೆ ಎಷ್ಟು ಆಳು ಕಡಿಮೆಯಾಯಿತು, ಹೆಣ್ಣಾಳಿನ ಕೆಲಸ ಗಂಡಾಳಿಗೆ ಹೋಯಿತೇ ಎಂಬುದು ಚೆಕ್‌ರೋಲಿನಲ್ಲಿ ಸಾಲು ಸಾಲಾಗಿ ಕಾಣುತ್ತದೆ. ಜಾಗ ಮಾಡಬೇಕೆಂದು ಅದನ್ನು ರದ್ದಿಗೆ ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ.

ಇಸವಿಯ ವಿಷಯದಲ್ಲಿ ನೆನಪನ್ನು ನಂಬಬೇಡಿ. ಹಳೆಯ ಘಟನೆ ಈಚಿನದ್ದೆಂದು, ಮನಸ್ಸಿಗೆ ನಾಟಿದ್ದು ಇನ್ನೂ ಹತ್ತಿರದ್ದೆಂದು ನೆನಪು ಸರಿಸಿಬಿಡುತ್ತದೆ. ಪುರಾವೆ ಬೇಕು. ಲಗ್ನಪತ್ರಿಕೆಗಳ ಕಟ್ಟು ಇದಕ್ಕೆ ಬಹಳ ಉಪಯೋಗ, ಪ್ರತಿಯೊಂದರಲ್ಲೂ ತಾರೀಖು ಅಚ್ಚಾಗಿರುತ್ತದೆ. ಫೋನಿಲ್ಲದ ಪತ್ರಿಕೆ, ಪಕ್ಕದ ಮನೆಯ ಫೋನಿಗೆ ‘ಪಿ.ಪಿ.’ ಎಂದು ಹಾಕಿದ ಪತ್ರಿಕೆ, ಹಾಸನದ 08172 ಅಥವಾ ಚಿಕ್ಕಮಗಳೂರಿನ 08262 ಕೋಡಿನ ಸ್ವಂತ ಫೋನಿನ ಪತ್ರಿಕೆ, ಹತ್ತು ಅಂಕಿಯ ಮೊಬೈಲಿನ ಪತ್ರಿಕೆ, ದಾರಿ ತೋರಿಸುವ ಕ್ಯೂಆರ್ ಚೌಕದ ಪತ್ರಿಕೆ. ವರ್ಷಕ್ಕೆ ಹತ್ತರಂತೆ ಜೋಡಿಸಿದರೆ ಹರಡಿದ ವರ್ಷ ಕಣ್ಣೆದುರಿಗೇ ಬರುತ್ತದೆ. ಕರೆಂಟ್ ಬಿಲ್ಲು, ಬ್ಯಾಂಕ್ ಪಾಸ್‌ಬುಕ್, ಬೋರ್‌ವೆಲ್ ಕೊರೆಸಿದ ರಸೀತಿಯ ಮೇಲಿನ ಅಡಿ ಲೆಕ್ಕ ಇವೂ ಅಷ್ಟೇ ಗಟ್ಟಿ ಸಾಕ್ಷಿ.

ಸಾಮಾನ್ಯವಾಗಿ ಆಗುವ ಇನ್ನೊಂದು ತಪ್ಪು, ಗೆದ್ದದ್ದನ್ನು ಮಾತ್ರ ಬರೆಯುವುದು. ಪೇಜರು, ಎಸ್‌ಟಿಡಿ ಬೂತು, ಸಿಡಿ ಅಂಗಡಿ ಇವೂ ಬರಲಿ. ಯಾರ ಕೆಲಸ ಹೋಯಿತು ಎಂಬ ಸಾಲೂ ಇರಲಿ. ದೋಟಿ ಬಂದದ್ದರಿಂದ ಮರದಿಂದ ಬಿದ್ದು ಸೊಂಟ ಮುರಿಯುವ ಅಪಾಯ ತಪ್ಪಿತು. ಮರ ಹತ್ತುವ ಕೈಚಳಕಕ್ಕೆ ಇದ್ದ ಬೆಲೆಯೂ ಅದರೊಂದಿಗೆ ಇಳಿಯುತ್ತಿದೆ. ಎರಡೂ ನಿಜ, ಎರಡನ್ನೂ ಬರೆಯಬೇಕು.

ಈಗ ಬಂದಿರುವುದು

ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ರಂದು. ಕೃತಕ ಬುದ್ಧಿಮತ್ತೆಯನ್ನು ಬೆಂಕಿಗೆ, ಕರೆಂಟಿಗೆ ಹೋಲಿಸುವವರಿದ್ದಾರೆ. ಇದೊಂದು ಗುಳ್ಳೆ ಎನ್ನುವವರೂ ಇದ್ದಾರೆ. ನಮ್ಮ ತಕ್ಕಡಿಯಲ್ಲಿ ಸದ್ಯಕ್ಕೆ ತುಂಬಬಹುದಾದದ್ದು ಮೊದಲನೆಯ ಇಸವಿ, ಜೊತೆಗೆ ಕೆಲವು ಅಳತೆಗಳು.

ಹಾಸನದಲ್ಲಿ ಇದು ಈಗ ಮಾಡುತ್ತಿರುವುದು ಬಹುಮಟ್ಟಿಗೆ ಹಳೆಯ ಶಾಫ್ಟಿಗೆ ಹೊಸ ಮೋಟರು ಜೋಡಿಸುವ ಕೆಲಸ. ಅರ್ಜಿ ಐದು ನಿಮಿಷದಲ್ಲಿ ತಯಾರಾಗುತ್ತದೆ, ಹೋಗಿ ಕೂರುವುದು ಅದೇ ಮೇಜಿನ ಮೇಲೆ. ಬ್ಯಾಂಕಿನ ಇಂಗ್ಲಿಷ್ ನೋಟಿಸನ್ನು ಕನ್ನಡದಲ್ಲಿ ಓದಿ ಹೇಳುವುದು ನಿಜವಾದ ಉಪಕಾರ. ಯಾರ ಮನೆಗೂ ಹೋಗಿ ಓದಿಸಿಕೊಳ್ಳಬೇಕಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ, ಅಗ್ಗದ ಫೋನುಗಳಲ್ಲೂ ಡಬ್ಬಿ ಡಬ್ಬಿಯಾಗದೆ ಅಕ್ಷರ ಕಾಣಲು ಎರಡು ದಶಕ ಹಿಡಿಯಿತು. ಈ ಹೊಸ ಯಂತ್ರಗಳೂ ಪದವನ್ನು ತುಂಡು ತುಂಡಾಗಿ ಓದುತ್ತವೆ, ಅದೇ ಮಾತಿಗೆ ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ತುಂಡುಗಳಾಗುತ್ತವೆ. ತುಂಡಿನ ಲೆಕ್ಕದಲ್ಲಿ ಖರ್ಚು ಬೀಳುವುದರಿಂದ ಕನ್ನಡದ ಬಳಕೆ ದುಬಾರಿಯಾಗುತ್ತದೆ. ಕಲಿಯಲು ಅವಕ್ಕೆ ಸಿಕ್ಕ ಕನ್ನಡದ ಬರಹವೂ ಕಡಿಮೆ. ಹಾಗಾಗಿ ಇಲ್ಲಿಯ ಎರಡನೆಯ ಇಸವಿ ಬೆಂಗಳೂರಿನ ಕಚೇರಿಗಳ ಎರಡನೆಯ ಇಸವಿಯೇ ಆಗಿರಬೇಕಿಲ್ಲ.

ಎಡವುವ ಜಾಗಗಳನ್ನು ಈಗಲೇ ದಾಖಲಿಸಬೇಕು. ‘ಕೊಳೆರೋಗಕ್ಕೆ ಏನು ಹೊಡೆಯಬೇಕು’ ಎಂದು ಫೋನನ್ನು ಕೇಳಿದಿರಿ ಎನ್ನಿ. ಅಡಿಕೆಯ ಕೊಳೆರೋಗ ಬೇರೆ, ಕಾಫಿ ಗಿಡದ ಕೊಳೆರೋಗ ಬೇರೆ. ಎರಡಕ್ಕೂ ಕಾರಣವಾದ ಜೀವಿಗಳು ಬೇರೆ. ಎರಡಕ್ಕೂ ಶೇ. 1ರ ಬೋರ್ಡೊ ನಡೆಯುತ್ತದೆ, ಆದರೆ ಕಾಫಿಯಲ್ಲಿ ನೆರಳು ತೆಳುಮಾಡುವುದು, ರೋಗದ ಎಲೆ ತೆಗೆಯುವುದು ಸೇರುತ್ತದೆ. ಕಾಫಿಯ ಎಲೆ ತುಕ್ಕು ರೋಗಕ್ಕೆ ಹೊಡೆಯುವುದು ಶೇ. 0.5, ಅಂದರೆ 100 ಲೀಟರಿಗೆ ಅರ್ಧ ಅರ್ಧ ಕೆಜಿ. ಬೆಳೆ ಯಾವುದು ಎಂದು ಕೇಳದೆ ಉತ್ತರ ಕೊಟ್ಟಿತೇ, ಸುಣ್ಣದ ಪ್ರಮಾಣ ತಪ್ಪಿತೇ, ಕೇಳಿದ ತಾರೀಖಿನ ಸಮೇತ ಬರೆದಿಡಿ. ಅದೇ ಪ್ರಶ್ನೆಯನ್ನು ಮುಂದಿನ ಮೇ ತಿಂಗಳಲ್ಲಿ ಮತ್ತೆ ಕೇಳಿ. ಉತ್ತರ ಏನೇ ಬರಲಿ, ಹೊಡೆಯುವ ಮುಂಚೆ ಚಾಕು ಅದ್ದಿ ನೋಡಿ.

ಪುಸ್ತಕದಲ್ಲಿ ಈ ವರ್ಷದ ಸಾಲುಗಳು ಹೀಗಿರಬಹುದು. ಕೆಲಸ: ಸಾಲದ ಅರ್ಜಿ. ಹೊತ್ತು: ಬರೆಯಲು ಎಷ್ಟು, ಮಂಜೂರಾಗಲು ಎಷ್ಟು, ಬೇರೆ ಬೇರೆಯಾಗಿ. ದುಡ್ಡು: ಬರೆದುಕೊಡುವವರಿಗೆ ಮೊದಲು ಕೊಡುತ್ತಿದ್ದದ್ದು, ಈಗ ಕೊಡುವುದು. ಆಳು: ಬರೆದುಕೊಡುತ್ತಿದ್ದವರು ಈಗ ಏನು ಮಾಡುತ್ತಿದ್ದಾರೆ. ದಾರಿ: ತಾಲ್ಲೂಕು ಕಚೇರಿಗೆ ಎಷ್ಟು ಸಲ. ಬಂದ ವರ್ಷದ ಖಾನೆ ತುಂಬಿ. ಹರಡಿದ ವರ್ಷಕ್ಕೆ ಊರಿನ ಹತ್ತು ಮನೆ ಕೇಳಿ, ಎಣಿಸಿ, ಎಣಿಸಿದ ತಾರೀಖು ಹಾಕಿ. ಮೂರನೆಯ ಖಾನೆಯನ್ನು ಖಾಲಿ ಬಿಡಿ, ಪೆನ್ಸಿಲಿನಲ್ಲೂ ತುಂಬಬೇಡಿ. ಪುಸ್ತಕ ಇರುವ ಜಾಗ ಮಕ್ಕಳಿಗೆ ಗೊತ್ತಿರಲಿ.